ಸಿ.ಟಿ. ಚಿತ್ರದ ಗುಣಮಟ್ಟಕ್ಕೆ ಹೋಟೆಲಿಂಗ್ ಅಬ್ಸರ್ವರ್: ನನ್ನ ಅನುಭವ

ಅರ್ಧ ವಿಕಿರಣ ಡೋಸ್‌ನಲ್ಲಿ ತೆಗೆದ ಸಿ.ಟಿ. ಚಿತ್ರವನ್ನು ಇಟರೇಟಿವ್ ರೀಕನ್‌ಸ್ಟ್ರಕ್ಷನ್‌ಗೆ (ಲೆಕ್ಕವನ್ನು ಮತ್ತೆ ಮತ್ತೆ ತಿದ್ದುತ್ತ, ನಾಯ್ಸ್ ಅಂದರೆ ಚಿತ್ರದ ಕಾಳುಕಾಳನ್ನು ತಗ್ಗಿಸಿ ಚಿತ್ರ ಕಟ್ಟುವ ವಿಧಾನ) ಒಳಪಡಿಸಿದಾಗ ಸ್ಟ್ಯಾಂಡರ್ಡ್ ಡೀವಿಯೇಷನ್ (ನಾಯ್ಸ್‌ನ ಅಳತೆ) ಪೂರ್ಣ ಡೋಸ್‌ನಲ್ಲಿದ್ದಷ್ಟೇ ಇದ್ದ ಮಾತ್ರಕ್ಕೆ ಗುಣಮಟ್ಟ ಉಳಿದಿದೆ ಎನ್ನಲಾಗದು ಎಂದು ನಾನು ವಿಭಾಗದ ಸಭೆಯಲ್ಲಿ ವಾದಿಸಿದ್ದೆ. ಬದಲಿಗೆ ನಾನು ಸೂಚಿಸಿದ ಚಾನಲೈಸ್ಡ್ ಹೋಟೆಲಿಂಗ್ ಅಬ್ಸರ್ವರ್ (ಚಿತ್ರದಲ್ಲಿ ಗೆಡ್ಡೆ ಇದೆಯೇ ಇಲ್ಲವೇ ಎಂದು ಮನುಷ್ಯನ ಬದಲು ತೀರ್ಮಾನಿಸುವ ಗಣಿತದ ಮಾದರಿ) ಪ್ರಬಂಧ ಬರೆಯುವವರ ಸರಕು, ಆಸ್ಪತ್ರೆಯ ದಿನನಿತ್ಯದ ಕೆಲಸಕ್ಕೆ ಒಗ್ಗದು ಎಂಬ ಉತ್ತರ ಬಂದಿತ್ತು. ಇಂದು ನಮ್ಮ ಯಕೃತ್ತಿನ ಪ್ರೋಟೋಕಾಲ್ ನಿಗದಿಯಾಗುವುದು ಅದೇ ವಿಧಾನದ ಅಂಕಿಗಳಿಂದ.

ಎಲ್ಲರೂ ಮೊದಲು ಸೂಚಿಸಿದ್ದು 2004ರಲ್ಲಿ ವಾಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಎಸ್‌ಎಸ್‌ಐಎಂ, ಅಂದರೆ ಎರಡು ಚಿತ್ರಗಳು ಎಷ್ಟು ಹೋಲುತ್ತವೆ ಎಂಬುದಕ್ಕೆ 1ರವರೆಗೆ ಅಂಕ ಕೊಡುವ ಸೂತ್ರ. 12 ಬಿಟ್ (0ಯಿಂದ 4095ರವರೆಗಿನ ಮೌಲ್ಯಗಳ) ಚಿತ್ರಕ್ಕೆ ಅದನ್ನು ನೇರವಾಗಿ ಅನ್ವಯಿಸಿದರೆ ಒಳ್ಳೆಯದು, ಕೆಟ್ಟದ್ದು ಎಲ್ಲವೂ 0.95ರ ಆಚೀಚೆ ನಿಲ್ಲುತ್ತವೆ. ವ್ಯಾಪ್ತಿ 4095 ಎಂದಾದಾಗ ಅದರ ಎರಡನೆಯ ಸ್ಥಿರಾಂಕ 15,000 ದಾಟುತ್ತದೆ. 20 ಎಚ್‌ಯು (ಹೌನ್ಸ್‌ಫೀಲ್ಡ್ ಯೂನಿಟ್, ಸಿ.ಟಿ. ಚಿತ್ರದ ಮೌಲ್ಯಗಳ ಮಾನ) ನಾಯ್ಸ್‌ನ ವೇರಿಯನ್ಸ್ (ಅದರ ವರ್ಗ) ಕೇವಲ 400, ಹಾಗಾಗಿ ಅದು ಸ್ಥಿರಾಂಕದಲ್ಲಿ ಮುಳುಗಿಹೋಗುತ್ತದೆ. ವ್ಯಾಪ್ತಿಯನ್ನು ಹೊಟ್ಟೆಯ ವಿಂಡೋಗೆ (ಹೊಟ್ಟೆಯನ್ನು ನೋಡುವಾಗ ತೋರಿಸುವ ಮೌಲ್ಯಗಳ ಹರವಿಗೆ) ತಕ್ಕಂತೆ 400ಕ್ಕೆ ಇಳಿಸಿದಾಗ ಸ್ಥಿರಾಂಕ 144ಕ್ಕೆ ಬಂದು ಅಂಕಿಗಳು ಕದಲಿದವು, ಆದರೆ ಹೆಚ್ಚು ಅಂಕ ದೊರೆತದ್ದು ಹೆಚ್ಚು ನುಣುಪಾದ ಚಿತ್ರಕ್ಕೆ. ಗೆಡ್ಡೆ ಕಾಣುತ್ತದೆಯೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಲೋ ಕಾಂಟ್ರಾಸ್ಟ್ ಫ್ಯಾಂಟಮ್‌ಗೆ (ಸುತ್ತಲಿಗಿಂತ ತುಸುವೇ ಭಿನ್ನವಾಗಿ ಕಾಣುವ ಗುರಿಗಳಿರುವ ಪರೀಕ್ಷಾ ಮಾದರಿಗೆ) ಕೆಲವು ಲಕ್ಷ ರೂಪಾಯಿ ಬೇಕಿತ್ತು. ಖರೀದಿಯ ಕಡತ ಹಿಂತಿರುಗಿ ಬಂದಿತು. ನಾಮಫಲಕ ತಯಾರಿಸುವ ಅಂಗಡಿಯಲ್ಲಿ ನೀರು ತುಂಬಲು 20 ಸೆಂ.ಮೀ. ವ್ಯಾಸದ ಅಕ್ರಿಲಿಕ್ ಸಿಲಿಂಡರ್ ಮಾಡಿಸಿದೆ. ನಾಲ್ಕೈದು ಸಾವಿರ ಖರ್ಚಾಗಿರಬೇಕು. ಅದರೊಳಗೆ ಗೆಡ್ಡೆಯ ಬದಲಿಗೆ ಇಟ್ಟ ತೆಳು ಗೋಡೆಯ ನಳಿಕೆಯಲ್ಲಿ ಉಪ್ಪುನೀರು ತುಂಬಿದರೆ ಕ್ಲೋರಿನ್‌ನಿಂದಾಗಿ ಕೆವಿಪಿ (ಎಕ್ಸ್-ರೇ ಟ್ಯೂಬಿನ ವೋಲ್ಟೇಜ್) ಬದಲಾದಂತೆ ಕಾಂಟ್ರಾಸ್ಟ್ ಕೂಡ ಬದಲಾಗುತ್ತಿತ್ತು. ಸುಮಾರು ಶೇ. 3ರ ಸಕ್ಕರೆ ದ್ರಾವಣ ಹತ್ತಿರಹತ್ತಿರ 10 ಎಚ್‌ಯು ಕಾಂಟ್ರಾಸ್ಟನ್ನು ಸ್ಥಿರವಾಗಿ ಕೊಟ್ಟಿತು, ಆದರೆ ಬೂಷ್ಟು ಹಿಡಿಯುವುದರಿಂದ ಪ್ರತಿ ಸಲವೂ ಹೊಸದಾಗಿ ಕಲಸಬೇಕು. ಅಬ್ಸರ್ವರ್ ದ್ರಾವಣವನ್ನು ಬಿಟ್ಟು ನಳಿಕೆಯ ಗೋಡೆಯನ್ನೇ ಗುರುತಿಸುತ್ತಿದ್ದುದು ಬಹುಕಾಲ ಕಾಡಿತು. ಸಿಗ್ನಲ್ (ಗುರುತಿಸಬೇಕಾದ ಗುರಿ) ಇಲ್ಲದ ಚಿತ್ರಗಳಿಗೂ ಅಂಥದೇ ನಳಿಕೆಯಲ್ಲಿ ಬರಿಯ ನೀರು ತುಂಬಿಟ್ಟಾಗ ಅದು ನಿಂತಿತು. ಗುಳ್ಳೆಯಿಲ್ಲದಂತೆ ಮುಚ್ಚುವ ಬಗೆಯನ್ನು ಇಲ್ಲಿ ಹೇಳುವುದಿಲ್ಲ.

64×64 ಪಿಕ್ಸೆಲ್‌ಗಳ ಆರ್‌ಒಐಗೆ (ಅಳೆಯಲು ಆರಿಸಿದ ತುಣುಕಿಗೆ) ಅಬ್ಸರ್ವರ್ ಬೇಡುವ 4096 ಆಯಾಮಗಳ ಕೋವೇರಿಯನ್ಸ್ ಮ್ಯಾಟ್ರಿಕ್ಸನ್ನು (ಪಿಕ್ಸೆಲ್‌ಗಳ ಮೌಲ್ಯಗಳು ಒಂದರೊಡನೊಂದು ಹೇಗೆ ಏರಿಳಿಯುತ್ತವೆ ಎಂಬ ಕೋಷ್ಟಕವನ್ನು) ಅಂದಾಜಿಸುವಷ್ಟು ಚಿತ್ರಗಳನ್ನು ಯಾವ ಆಸ್ಪತ್ರೆಯೂ ಕೊಡಲಾರದು. ಮೈಯರ್ಸ್ ಮತ್ತು ಬ್ಯಾರೆಟ್ 1987ರಲ್ಲಿ ತೋರಿಸಿದಂತೆ ಚಿತ್ರವನ್ನು ಚಾನಲ್‌ಗಳ (ಅದನ್ನು ಕೆಲವೇ ಸಂಖ್ಯೆಗಳಿಗೆ ಇಳಿಸುವ ಫಿಲ್ಟರ್‌ಗಳ) ಮೂಲಕ ಹಾಯಿಸಿದರೆ ಅದು ಹತ್ತಕ್ಕೆ ಹತ್ತರ ಮ್ಯಾಟ್ರಿಕ್ಸ್ ಆಗುತ್ತದೆ. ಪ್ರತಿ ಸ್ಥಿತಿಗೆ ಇನ್ನೂರರಷ್ಟು ಚಿತ್ರಗಳು ಸಾಕಾದವು. ತರಬೇತಿಯ ಚಿತ್ರಗಳಲ್ಲೇ ಪರೀಕ್ಷೆಯನ್ನೂ ನಡೆಸಿದರೆ ಡಿ-ಪ್ರೈಮ್ (ಗುರಿ ಇರುವ ಮತ್ತು ಇಲ್ಲದ ಚಿತ್ರಗಳನ್ನು ಎಷ್ಟು ಚೆನ್ನಾಗಿ ಬೇರ್ಪಡಿಸಬಹುದು ಎಂಬ ಅಳತೆ) ಉಬ್ಬುತ್ತದೆ, ಆದ್ದರಿಂದ ಅರ್ಧವನ್ನು ಬದಿಗಿಟ್ಟೆ. ಲಾಗೇರ್-ಗಾಸ್ ಎಂಬ ಬಗೆಯ ಚಾನಲ್‌ಗಳ ಅಂಕಿಗಳು ಮನುಷ್ಯರನ್ನು ಮೀರಿಸುತ್ತಿದ್ದವು. ಗೇಬರ್ ಚಾನಲ್‌ಗಳು ನಮ್ಮ ರೇಡಿಯಾಲಜಿಸ್ಟರ ಸಮೀಪಕ್ಕೆ ಬಂದವು. ಅವುಗಳ ಅಗಲವನ್ನು ಆರಿಸಿದ ಕ್ರಮವನ್ನು ಸದ್ಯ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ನೆನಪಿನಿಂದ ಹೇಳುವುದಾದರೆ, ಪೂರ್ಣ ಡೋಸ್‌ನ ಎಫ್‌ಬಿಪಿಗೆ (ಒಂದೇ ಸಲದ ನೇರ ಲೆಕ್ಕದಿಂದ ಚಿತ್ರ ಕಟ್ಟುವ ಹಳೆಯ ವಿಧಾನಕ್ಕೆ) ಡಿ-ಪ್ರೈಮ್ 2.1ರಷ್ಟಿತ್ತು, ಅರ್ಧ ಡೋಸ್‌ಗೆ ಅದು ವರ್ಗಮೂಲದ ಲೆಕ್ಕದಂತೆಯೇ 1.5ಕ್ಕೆ ಇಳಿಯಿತು. ಇಟರೇಟಿವ್ ಅದನ್ನು ಎತ್ತಿದ್ದು 1.6ಕ್ಕೆ ಮಾತ್ರ. ಅದೇ ನೀರಿನ ಭಾಗದಲ್ಲಿ, ಅಕ್ಕಪಕ್ಕದ ಚಿತ್ರಗಳನ್ನು ಪರಸ್ಪರ ಕಳೆದು, ನಾಯ್ಸ್ ಪವರ್ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ನಾಯ್ಸ್ ಇದೆ ಎಂಬ ನಕ್ಷೆ) ಕೂಡ ತೆಗೆದೆ: ಇಟರೇಟಿವ್‌ನಿಂದ ನಾಯ್ಸ್ ಒಟ್ಟಾರೆ ಕುಗ್ಗಿದ್ದರೂ ಉಳಿದದ್ದು ಕೆಳ ಆವರ್ತನಗಳಿಗೆ ಸರಿದು, ಸಣ್ಣ ಗೆಡ್ಡೆಯ ಗಾತ್ರದ ಮಚ್ಚೆಗಳಾಗಿ ಕೂತಿತ್ತು. ಎರಡು ಚಿತ್ರಗಳಲ್ಲಿ ಗುರಿ ಇರುವ ಒಂದನ್ನು ಆರಿಸುವ ಪರೀಕ್ಷೆಯಲ್ಲಿ ಮೂವರು ರೇಡಿಯಾಲಜಿಸ್ಟರ ಸರಿಯುತ್ತರಗಳು ಶೇ. 90ರಿಂದ 84ರ ಆಸುಪಾಸಿಗೆ ಇಳಿದವು. ನನ್ನ ಅಬ್ಸರ್ವರ್ ಮೊದಲೇ ಹೇಳಿದ್ದ ಕ್ರಮವೇ ಅದು. ಆ ಫಲಿತಾಂಶದ ನಂತರ ವಿರೋಧ ಉಳಿಯಲಿಲ್ಲ.

ಯಕೃತ್ತಿಗೆ ಈಗ ಕಾಲು ಭಾಗದಷ್ಟು ಮಾತ್ರ ಡೋಸ್ ಇಳಿಸಿದ್ದೇವೆ. ಕಾಂಟ್ರಾಸ್ಟ್ ಹೆಚ್ಚಿರುವ ಶ್ವಾಸಕೋಶದ ಗಂಟುಗಳಿಗೆ ಈ ಅಂಕಿಗಳನ್ನು ಒಯ್ಯುವಂತಿಲ್ಲ. ಇಟರೇಟಿವ್ ವಿಧಾನ ಲೀನಿಯರ್ ಅಲ್ಲದ (ಕಾಂಟ್ರಾಸ್ಟ್ ಬದಲಾದರೆ ಅದರ ವರ್ತನೆಯೂ ಬದಲಾಗುವ) ಕಾರಣ ಪ್ರತಿ ಕಾಂಟ್ರಾಸ್ಟ್‌ಗೂ ಪ್ರತ್ಯೇಕವಾಗಿ ಅಳೆಯಬೇಕು, ಆ ಅಳತೆಯನ್ನು ಈಗ ಆರಂಭಿಸಿದ್ದೇನೆ.