ಸೋರುವ ಮಾಡಿಗೆ ಒಳಗಿನಿಂದ ಕೈ ಹಾಕಿ

ಆರಿದ್ರಾ ಮಳೆ ಹಿಡಿದ ಮೇಲೆ ನನಗೆ ಬರುವ ಫೋನುಗಳೆಲ್ಲ ಒಂದೇ ತರ. "ಮಾಡು ಸೋರ್ತಾ ಇದೆ, ಒಂದ್ಸಲ ಬಂದು ಹತ್ತಿ ನೋಡ್ತೀರಾ?" ತೀರ್ಥಹಳ್ಳಿ ಸುತ್ತಮುತ್ತ ಮರಗೆಲಸ, ಹೆಂಚಿನ ಕೆಲಸ ಮಾಡಿಕೊಂಡಿರುವವನು ನಾನು. ಬರುತ್ತೇನೆ, ಆದರೆ ಹತ್ತುವುದಿಲ್ಲ ಎನ್ನುತ್ತೇನೆ. ಮಳೆಗಾಲದಲ್ಲಿ ಹೆಂಚಿನ ಮಾಡಿನ ರಿಪೇರಿ ಬಹುಪಾಲು ಒಳಗಿನಿಂದಲೇ ಆಗುತ್ತದೆ. ಹಾಗೇ ಆಗಬೇಕು ಕೂಡ.

ಆಗುಂಬೆ ನಮ್ಮ ತಾಲ್ಲೂಕಿನಲ್ಲೇ ಇರುವುದು. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆ ಕಡೆಯ ಮಾಡುಗಳ ಮೇಲೆ ಜುಲೈ ಹೊತ್ತಿಗೆ ಪಾಚಿ ದಪ್ಪಗೆ ಕಟ್ಟಿರುತ್ತದೆ. ಕಾಲಿಟ್ಟರೆ ಜಾರುತ್ತದೆ. ಜಾರದಿದ್ದರೂ ಹಳೇ ಹೆಂಚಿನ ನಡುವೆ ಮೈಭಾರ ಬಿದ್ದರೆ ಒಂದನ್ನು ಸರಿಮಾಡಲು ಹೋಗಿ ನಾಲ್ಕು ಒಡೆಯುತ್ತವೆ. "ಮೇಲೆ ಹತ್ತದೆ ಅದೇನು ರಿಪೇರಿನೋ ತಮ್ಮಾ?" ಎಂದು ಒಬ್ಬರು ಅಕ್ಕ ಕೇಳಿದ್ದರು. "ಅಟ್ಟಕ್ಕೊಂದು ಏಣಿ ಕೊಡಿ ಅಕ್ಕಾ, ಸಾಕು" ಎಂದೆ.

ಮೊದಲ ಕೆಲಸ ತೂತು ಹುಡುಕುವುದು. ಇದಕ್ಕೆ ಮಳೆಯೇ ಒಳ್ಳೆಯ ಸಹಾಯಕ. ಹೊಳವಾಗಲಿ, ಅಂದರೆ ಮಳೆ ಬಿಡುವು ಕೊಡಲಿ ಎಂದು ಕಾಯದೆ, ಜೋರಾಗಿ ಸುರಿಯುವಾಗಲೇ ಮೇನ್ ಸ್ವಿಚ್ ಆಫ್ ಮಾಡಿ, ಟಾರ್ಚ್ ಹಿಡಿದು ಅಟ್ಟ ಹತ್ತುತ್ತೇನೆ. ಹನಿ ಬೀಳುವ ಜಾಗವೇ ತೂತಿನ ಜಾಗ ಅಲ್ಲ. ನೀರು ರೀಪಿನ (ಹೆಂಚು ಕೂರುವ ಅಡ್ಡಪಟ್ಟಿ) ಮೇಲೆ ಇಳಿದು, ಪಕಾಸಿನ (ರೀಪು ಹೊರುವ ಇಳಿಜಾರು ಮರ) ಕೆಳಮೈ ಹಿಡಿದು ಎಷ್ಟೋ ಅಡಿ ಹರಿದು, ಗಂಟೋ ಮೊಳೆಯೋ ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಹಾಗಾಗಿ ಹನಿಯಿಂದ ಶುರುಮಾಡಿ ಒದ್ದೆ ಗೆರೆಯನ್ನು ಮೇಲ್ಮುಖವಾಗಿ ಹುಡುಕಿಕೊಂಡು ಹೋಗಬೇಕು. ಸಿಕ್ಕ ಜಾಗದ ರೀಪಿಗೆ ಒಂದು ತುಂಡು ಹಗ್ಗ ಕಟ್ಟಿಬಿಡುತ್ತೇನೆ. ನೆನೆದ ಮರದ ಮೇಲೆ ಸೀಮೆಸುಣ್ಣದ ಗುರುತು ನಿಲ್ಲುವುದಿಲ್ಲ.

ಕಾರಣ ಹಲವು. ಮಂಗಗಳು ಹಾರಿ ಹೆಂಚು ಸರಿಸಿರುತ್ತವೆ. ಮಲೆನಾಡಿನಲ್ಲಿ ಈಗ ಇದೇ ಜಾಸ್ತಿ. ಅಡಿಕೆ ಸೋಗೆ ಬಿದ್ದು ಬಿರುಕು ಬಿಟ್ಟಿರಬಹುದು. ಕೆಲವು ಸಲ ಹೆಂಚು ಗಟ್ಟಿಯಾಗೇ ಇರುತ್ತದೆ, ಅದರ ಕಾಲುವೆಯಲ್ಲಿ ತರಗೆಲೆ ಸಿಕ್ಕಿ ನೀರು ಪಕ್ಕಕ್ಕೆ ಉಕ್ಕುತ್ತಿರುತ್ತದೆ. ಆಗ ಎಲೆ ತೆಗೆದರೆ ಕೆಲಸ ಮುಗಿಯಿತು.

ಒಡೆದದ್ದನ್ನು ಬದಲಿಸಲು ಮಾತ್ರ ಹೊಳವಿಗೆ ಕಾಯುತ್ತೇನೆ. ಹೆಂಚಿನ ಅಡಿಯಲ್ಲಿ ರೀಪಿಗೆ ಸಿಕ್ಕಿಸುವ ಮೂಗು ಇರುತ್ತದೆ ಅಲ್ವಾ? ಮೇಲಿನ ಸಾಲಿನ ಹೆಂಚುಗಳನ್ನು ಅಂಗೈಯಿಂದ ಎತ್ತಿ, ತುಸು ಮೇಲಕ್ಕೆ ತಳ್ಳಿ, ಬೀಳದಂತೆ ಒಂದು ಮರದ ಚಕ್ಕೆ ಕೊಡುತ್ತೇನೆ. ಪಕ್ಕದ ಹೆಂಚನ್ನೂ ಸ್ವಲ್ಪ ಎತ್ತಿದರೆ ಒಡೆದದ್ದು ಬಿಡಿಸಿಕೊಳ್ಳುತ್ತದೆ. ಅದನ್ನು ಓರೆ ಮಾಡಿ ರೀಪುಗಳ ನಡುವಿನಿಂದ ಒಳಗೆ ಎಳೆದುಕೊಳ್ಳುವುದು. ಹೊಸದನ್ನು ಅದೇ ದಾರಿಯಲ್ಲಿ ಹೊರಗೆ ಕಳಿಸಿ, ಮೂಗು ರೀಪಿಗೆ ಕೂತ ಮೇಲೆ ಚಕ್ಕೆ ತೆಗೆಯುವುದು. ರೀಪು ಲಡ್ಡಾಗಿದ್ದರೆ, ಅಂದರೆ ಕೊಳೆತಿದ್ದರೆ, ಅದರ ಪಕ್ಕಕ್ಕೇ ಇನ್ನೊಂದು ತುಂಡು ಜೋಡಿಸಿ ಮೊಳೆ ಹೊಡೆಯುತ್ತೇನೆ. ಮಳೆಗಾಲ ಕಳೆಯುವವರೆಗೆ ಅಷ್ಟು ಸಾಕು.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಎಲ್ಲ ಮಂಗಳೂರು ಹೆಂಚೂ ಒಂದೇ ಅಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ಶುರುಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಒಂದೊಂದರ ಅಚ್ಚಿನಲ್ಲೂ ಸಣ್ಣ ವ್ಯತ್ಯಾಸ. ಬೇರೆ ಅಚ್ಚಿನ ಹೆಂಚು ನಡುವೆ ತುರುಕಿದರೆ ಅಂಚಿನ ಕಚ್ಚು ಸರಿಯಾಗಿ ಕೂರುವುದಿಲ್ಲ, ಗಾಳಿಮಳೆಗೆ ಅಲ್ಲೇ ನೀರು ನುಗ್ಗುತ್ತದೆ. ಕಾರ್ಖಾನೆಯ ಹೆಸರು ಹೆಂಚಿನ ಅಡಿಯಲ್ಲೇ ಅಚ್ಚಾಗಿರುತ್ತದೆ, ಓದಿ ಅದನ್ನೇ ಹುಡುಕಿ. ಹಳೇ ಮನೆ ಬಿಚ್ಚುವ ಕಡೆ ಸಿಗುತ್ತದೆ. ತರುವ ಮುಂಚೆ ಬೆರಳಿನಿಂದ ಬಡಿದು ನೋಡಿ. ಠಣ್ ಎಂದರೆ ಒಳ್ಳೆಯದು. ಸದ್ದು ಬೊದ್ದಾಗಿದ್ದರೆ ಕಣ್ಣಿಗೆ ಕಾಣದ ಬಿರುಕು ಇದೆ ಎಂದರ್ಥ.

ಮಾಡಿನ ನೆತ್ತಿಯ ಹೆಂಚಿನ ಗಾರೆ ಬಿಟ್ಟಿದ್ದರೆ ಮಳೆಯಲ್ಲಿ ಸಿಮೆಂಟು ಮೆತ್ತುವುದು ಸುಮ್ನೆ ದುಡ್ಡು ತೊಳೆದಂತೆ. ಸಂಜೆಯೊಳಗೆ ಗೋಡೆ ಮೇಲೆ ಬೂದಿ ನೀರು ಇಳಿದಿರುತ್ತದೆ. ಅಲ್ಲಿ ಮಾತ್ರ ಹೊರಗಿನಿಂದ ಹೋಗಲೇಬೇಕು. ಒಳ್ಳೆಯ ಹೊಳವು ನೋಡಿ, ಬಿದಿರಿನ ಏಣಿಯನ್ನು ಮಾಡಿನ ಮೇಲೆ ಮಲಗಿಸಿ, ಹಗ್ಗವನ್ನು ನೆತ್ತಿ ದಾಟಿಸಿ ಆಚೆ ಬದಿಯ ಕಂಬಕ್ಕೆ ಬಿಗಿಯುತ್ತೇನೆ. ಸೊಂಟಕ್ಕೂ ಬೇರೆ ಹಗ್ಗ. ಗುಡುಗು ಕೇಳಿದರೆ ಆ ದಿನ ಹತ್ತುವುದಿಲ್ಲ. ನೆತ್ತಿಗೆ ಟಾರ್ಪಾಲು ಹೊದಿಸಿ, ಎರಡೂ ಬದಿಗೆ ಅಡಿಕೆ ಮರ ಸೀಳಿದ ದಬ್ಬೆ ಕಟ್ಟಿ ಇಳಿಯುತ್ತೇನೆ. ಗಾರೆ ಕೆಲಸ ನವರಾತ್ರಿ ಕಳೆದು ಬಿಸಿಲು ಬಿದ್ದ ಮೇಲೆ.

ಕೊಟ್ಟಿಗೆಗೆ, ಅಂಗಳಕ್ಕೆ ಈಗ ಬಣ್ಣದ ಶೀಟು ಕೇಳುವವರು ಜಾಸ್ತಿ. ಪೈಪಿನ ಚೌಕಟ್ಟಿನ ವೆಲ್ಡಿಂಗ್ ಮೇ ತಿಂಗಳೊಳಗೆ ಆಗಿದ್ದರೆ ಮಾತ್ರ ಮಳೆ ನಡುವೆ ಶೀಟು ಹಾಕಲು ಒಪ್ಪುತ್ತೇನೆ. ಒದ್ದೆ ನೆಲದಲ್ಲಿ ನಿಂತು ವೆಲ್ಡಿಂಗ್ ಮಾಡುವ ಮಾತೇ ಇಲ್ಲ. ನಮ್ಮಲ್ಲಿ ಮಳೆಗಾಳಿ ಪಶ್ಚಿಮದಿಂದ ಬರುತ್ತದೆ. ಅದಕ್ಕೆ ಪೂರ್ವದ ತುದಿಯಿಂದ ಶೀಟು ಹಾಕುತ್ತಾ ಬರುತ್ತೇನೆ. ಆಗ ಮೇಲಿನ ಶೀಟಿನ ತೆರೆದ ಅಂಚು ಗಾಳಿಗೆ ಬೆನ್ನು ಹಾಕಿರುತ್ತದೆ, ಎರಚಲು ಒಳಗೆ ನುಗ್ಗುವುದಿಲ್ಲ. ಉದ್ದಕ್ಕೆ ಎರಡು ಶೀಟು ಕೂಡುವಲ್ಲಿ ಅರ್ಧ ಅಡಿಯಷ್ಟು ಒಂದರ ಮೇಲೊಂದು ಬರಬೇಕು. ಸ್ಕ್ರೂ ಶೀಟಿನ ಉಬ್ಬಿನ ಮೇಲೆ, ರಬ್ಬರ್ ವಾಷರ್ ಅಪ್ಪಿ ಕೂರುವಷ್ಟೇ ಬಿಗಿ. ಅಪ್ಪಚ್ಚಿಯಾದ ವಾಷರ್ ಬೇಗ ಬಿರಿಯುತ್ತದೆ. ಕೊನೆಗೆ ಡ್ರಿಲ್ಲಿನ ಕಬ್ಬಿಣದ ಪುಡಿಯನ್ನು ಮೆತ್ತನೆಯ ಪೊರಕೆಯಲ್ಲಿ ಅವತ್ತೇ ಗುಡಿಸಿ ತೆಗೆಯಿರಿ. ಮಳೆಯಲ್ಲಿ ಅದು ಬಲುಬೇಗ ತುಕ್ಕು ಹಿಡಿದು ಹೊಸ ಶೀಟಿನ ಬಣ್ಣವನ್ನೂ ಕೆಡಿಸುತ್ತದೆ.