ಗೋಳಗುಮ್ಮಟ ನೋಡ್ಕೋತ ಕಟಗಿ ಕತ್ತಿ ಬೀಸೂದು: ಮನ್ಯಾಗ ಇಯಾಯ್ದೋ ಶುರು ಮಾಡೋರಿಗೆ

ದಿನಾ ಮುಂಜಾನಿ ಆರಕ್ಕ ನಮ್ಮ ಮಾಳಿಗಿ ಮ್ಯಾಲ ನಾ ಕಟಗಿ ಕತ್ತಿ ಬೀಸೂದು ನೋಡಿ ಬಾಜೂ ಮನಿ ಕಾಕೂ ಒಂದ್ ವಾರ ಸುಮ್ನಿದ್ರು, ಎಂಟನೇ ದಿನ ತಡಿಲಾರದ ಕೇಳೇ ಬಿಟ್ರು, "ಯಾಕೋ ತಮ್ಮಾ, ಯಾರ್ ಮ್ಯಾಲ ಇಷ್ಟ್ ಸಿಟ್ಟು ನಿಂಗ?" ಸಿಟ್ಟಿಲ್ರಿ ಕಾಕೂ, ಸಿಟ್ಟಿದ್ರ ಇದು ಬರೂದೇ ಇಲ್ಲ ಅಂದೆ, ನಕ್ಕು ಹೋದ್ರು. ಆದ್ರ ಆ ಮಾತು ಖರೇನ ಅದ. ಮನಸಿನಾಗ ಏನರ ಇಟ್ಕೊಂಡು ನಿಂತ್ರ ಮೊದಲು ಭುಜ ಬಿಗಿ ಆಗ್ತಾವ, ಭುಜ ಬಿಗಿ ಆದ್ರ ಕತ್ತಿ ಡೊಂಕ ಬೀಳ್ತದ, ಮುಚ್ಚಿಡಾಕ ಬರಂಗಿಲ್ಲ. ವಿಜಯಪುರದಾಗ ಕೂತು ಇಯಾಯ್ದೋ ಅನ್ನೋ ಈ ಜಪಾನಿ ಕತ್ತಿ ವಿದ್ಯೆ ಹೆಂಗ ಶುರು ಮಾಡಿದಿ ಅಂತ ಇಬ್ರು ಮೂವರು ಕೇಳ್ಯಾರ, ಅದಕ್ಕ ಬರದೀನಿ.

ಜಪಾನಿ ಕತ್ತಿ ವಿದ್ಯೆದಾಗ ಹೊರಗಿನವ್ರಿಗೆ ಹೆಚ್ಚು ಗೊತ್ತಿರೂದು ಕೆಂಡೋ, ಅಂದ್ರ ಬಿದಿರಿನ ಕತ್ತಿ ಹಿಡದು ಮುಖವಾಡ ಕಟ್ಕೊಂಡು ಎದುರಾಳಿ ಜೋಡಿ ಹೊಡದಾಡೂದು. ನಾ ಹೇಳೂದು ಇಯಾಯ್ದೋ. ಇದರಾಗ ಎದುರಿಗೆ ಯಾರೂ ಇರಂಗಿಲ್ಲ, ಇದ್ದಾರಂತ ತಿಳ್ಕೊಂಡು ಒರಿಯಿಂದ ಕತ್ತಿ ತಗದು, ಕಡದು, ವಾಪಸ್ ಒರಿಯಾಗ ಇಡೂದು, ಇಷ್ಟ. 1876ರಾಗ ಜಪಾನ್ ಸರ್ಕಾರ, ಸಮುರಾಯಿ ಅನ್ನೋ ಯೋಧರು ಕತ್ತಿ ಕಟ್ಕೊಂಡು ಅಡ್ಡಾಡಬಾರದು ಅಂತ ಹುಕುಂ ಮಾಡ್ತು, ಆದ್ರೂ ವಿದ್ಯೆ ಉಳೀತು, ಒಬ್ಬರ ಕೂತು ಮಾಡೋ ಅಭ್ಯಾಸ ಆಗಿ. 1952ರಾಗ ಅಖಿಲ ಜಪಾನ್ ಕೆಂಡೋ ಫೆಡರೇಷನ್ ಹುಟ್ಟಿತು, ಅವ್ರು 1969ರಾಗ ಕತ್ತಿ ಕಲಸೋ ಎಲ್ಲಾ ಪರಂಪರೆಗೂ ಒಂದೇ ಇರಲಿ ಅಂತ ಏಳು ಕಟಾ, ಅಂದ್ರ ಕ್ರಮ ಹಚ್ಚಿ ಕಟ್ಟಿದ ಚಲನೆಗಳ ಪಾಠ, ಗೊತ್ತು ಮಾಡಿದ್ರು, ಆಮ್ಯಾಲ 1980ರಾಗ ಮೂರು, 2000ದಾಗ ಎರಡು ಕೂಡಿಸಿ ಈಗ 12 ಅದಾವ.

ಮೊದಲ ಒಂದ್ ಮಾತು, ಆನ್‌ಲೈನ್‌ದಾಗ ಥಳಥಳ ಅನ್ನೋ "ಕಟಾನಾ", ಅಂದ್ರ ಹರಿತ ಜಪಾನಿ ಕತ್ತಿ, ನೋಡಿ ಆರ್ಡರ್ ಒತ್ತಬ್ಯಾಡ್ರಿ. ನಮ್ಮ ದೇಶದಾಗ 9 ಇಂಚಿಗಿಂತ ಉದ್ದ ಇಲ್ಲಾ 2 ಇಂಚಿಗಿಂತ ಅಗಲ ಇರೋ ಹರಿತ ಆಯುಧ ಲೈಸೆನ್ಸ್ ಕೆಳಗ ಬರ್ತಾವ, ಮನಿ ಕೆಲಸ ಹೊಲದ ಕೆಲಸದ್ದು ಬಿಟ್ಟು. ಕುಡಗೋಲು ಹಿಡದು ಹೊಲಕ್ಕ ಹೋಗೂದು ಬ್ಯಾರೆ, ಕತ್ತಿ ಹಿಡದು ಮಾಳಿಗಿ ಹತ್ತೂದು ಬ್ಯಾರೆ. ಮತ್ತ ಶುರುವಿಗೆ ಅದು ಬೇಕಾಗೂದೂ ಇಲ್ಲ.

ಬೇಕಾಗೂದು ಬೊಕೆನ್, ಕಟಗಿ ಕತ್ತಿ. ಉದ್ದ ಸುಮಾರು 102 ಸೆಂಟಿಮೀಟರ್, ತೂಕ ಅರ್ಧ ಕೆಜಿ ಆಜೂಬಾಜು. ಜಪಾನ್‌ದಾಗ ಓಕ್ ಕಟಗಿಲೆ ಮಾಡ್ತಾರ. ನಾ ನಮ್ಮ ಬಡಿಗ್ಯಾರ ಕಾಕಾನ ಕಡೆ ಹೋಗಿ ಫೋಟೋ ತೋರಿಸಿದೆ, ಅವರು ನೋಡಿ "ಇದು ಗುದ್ದಲಿ ಕಾವು ಡೊಂಕ ಆದಂಗ ಅದಲ್ಲೋ" ಅಂದು ಜಾಲಿ ಕಟಗ್ಯಾಗ ಕೆತ್ತಿ ಕೊಟ್ರು. ಗಟ್ಟಿ ಅಂದ್ರ ಗಟ್ಟಿ, ಆದ್ರ ಭಾರ ಆತು, ಒಂದ್ ತಿಂಗಳಿಗೆ ಮಣಿಕಟ್ಟು ನೋವು. ನೀವು ಮಾಡಿಸೋರಿದ್ರ ತೂಕ ನೋಡಿ ತಗೋರಿ, ಗಂಟು ಇರಲಾರದ ಕಟಗಿ ಆರಿಸ್ರಿ, ಗಂಟು ಇದ್ದಲ್ಲೇ ಒಂದಿನ ಮುರಿತದ. ಮತ್ತ ಮನಿ ಒಳಗ ಬೀಸಬ್ಯಾಡ್ರಿ. ನಮ್ಮ ಪಡಸಾಲಿ ಫ್ಯಾನಿನ ಒಂದ್ ರೆಕ್ಕಿ ಇವತ್ತೂ ಡೊಂಕ ತಿರುಗ್ತದ, ಯಾಕಂತ ಅಪ್ಪಾಗ ಇನ್ನೂ ಹೇಳಿಲ್ಲ.

ಈಗ ಹಿಡಿಯೂದು, ಇದರ ಮ್ಯಾಲ ಎಷ್ಟು ದಿನ ಕಳದ್ರೂ ಲುಕ್ಸಾನಿಲ್ಲ. ಎಡಗೈ ಹಿಡಿಕಿ ತುದಿಗೆ, ಬಲಗೈ ಮುಂದ, ನಡುವ ಜಾಗ ಬಿಟ್ಟು. ನಾವು ಕೊಡ್ಲಿ ಹಿಡದು ರೂಢಿ ಇದ್ದವ್ರು, ಬಲಗೈಲೆ ಜೋರ್ ಹಾಕ್ತೀವಿ, ಇಲ್ಲಿ ತಿರುವು ಮುರುವು, ಕೆಲಸ ಎಡಗೈದು, ಬಲಗೈ ಬರೇ ದಾರಿ ತೋರಸ್ತದ. ಎರಡೂ ಕೈದಾಗ ಕಿರುಬೆರಳು ಉಂಗುರಬೆರಳು ಬಿಗಿ, ಹೆಬ್ಬೆರಳು ತೋರುಬೆರಳು ಸಡ್ಲ. ಒದ್ದಿ ಅರಿವಿ ಹಿಂಡೋ ಮುಂದ ಎರಡೂ ಕೈ ಒಳಗ ತಿರುಗ್ತಾವ ನೋಡ್ರಿ, ಹಂಗ. ಆದ್ರ ಆ ಹಿಂಡೂದು ಕತ್ತಿ ಕೆಳಗ ಬಂದು ನಿಲ್ಲೋ ಹೊತ್ತಿನಾಗ ಅಷ್ಟ, ಮ್ಯಾಲಿಂದ ಕೆಳಗಿನ ತನಕ ಹಿಂಡ್ಕೋತ ಬಂದ್ರ ತೋಳು ಹತ್ತು ಸಲಕ್ಕ ಸೋತು ಬೀಳ್ತದ. ಸರಿ ಹಿಡದೀರೋ ಇಲ್ಲೋ ಅಂಗೈನ ಹೇಳ್ತದ, ಬೊಬ್ಬಿ ಎಡಗೈ ಕಿರುಬೆರಳ ಬುಡಕ್ಕ ಬಂದ್ರ ಛಲೋ, ಬಲಗೈಗೆ ಬಂದ್ರ ಇನ್ನೂ ಕಟಗಿನ ಒಡಿಲಕತ್ತೀರಿ ಅಂತ ತಿಳೀರಿ.

ನಿಲ್ಲೂದು: ಬಲಗಾಲು ಮುಂದ, ಎಡಗಾಲು ಹಿಂದ, ಎಡ ಹಿಮ್ಮಡಿ ಸ್ವಲ್ಪ ಎತ್ತಿರಲಿ. ಕಾಲು ಎತ್ತಿ ಇಡಬ್ಯಾಡ್ರಿ, ನೆಲಕ್ಕ ಸವರಿಕೋತ ಹೋಗ್ರಿ. ಎಡ ಮುಷ್ಟಿ ಹೊಕ್ಕಳಿಂದ ಒಂದ್ ಮುಷ್ಟಿ ದೂರ, ಕತ್ತಿ ತುದಿ ಎದುರಾಳಿ ಗಂಟಲ ಮಟ್ಟಕ್ಕ. ಕಣ್ಣಿಗೆ ಜಪಾನಿ ಗುರುಗಳು ಹೇಳೂದು ದೂರದ ಗುಡ್ಡ ನೋಡಿದಂಗ ನೋಡ್ರಿ ಅಂತ, ಅಂದ್ರ ಎದುರಿನಾವನ ಮುಖನೂ ಕಾಣಬೇಕು ಕಾಲೂ ಕಾಣಬೇಕು, ಒಂದರ ಮ್ಯಾಲ ನೆಟ್ಟ ದೃಷ್ಟಿ ಬ್ಯಾಡ. ವಿಜಯಪುರದಾಗ ಗುಡ್ಡ ಎಲ್ಲಿಂದ ತರೂದ್ರಿ? ನಾ ಗೋಳಗುಮ್ಮಟ ನೋಡ್ತೀನಿ, 44 ಮೀಟರ್ ಅಗಲದ ಗುಮ್ಮಟ, ಸಣ್ಣ ಗುಡ್ಡಕ್ಕ ಏನ್ ಕಡಿಮಿ. ಅದನ್ನ ನೋಡ್ಕೋತ ನಿಂತ್ರ ಬಾಜೂ ತಂತಿ ಮ್ಯಾಲಿನ ಕಾಗಿ ಹಾರೂದೂ ಕಣ್ಣಿಗೆ ಬೀಳ್ತದ, ಕಣ್ಣು ತಿರುಗಸೂದೇ ಬ್ಯಾಡ.

ಆಮ್ಯಾಲ ಬೀಸೂದು, ಸುಬುರಿ ಅಂತಾರ. ಉಸಿರು ತಗೋತ ತಲಿ ಮ್ಯಾಲ ಎತ್ತೂದು, ಉಸಿರು ಬಿಡ್ಕೋತ ನೆಟ್ಟಗ ಹೊಕ್ಕಳ ಮಟ್ಟಕ್ಕ ಇಳಸೂದು. ದಿನಾ 30 ಸಾಕು. ಮೊದಲ ದಿನ 300 ಹೊಡದು ಎರಡನೇ ದಿನ ಚಹಾ ಕಪ್ ಎತ್ತಾಕ ಬರಲಾರದವ್ರನ್ನ ನೋಡೀನಿ, ಅದರಾಗ ನಾನೂ ಒಬ್ಬ. ಮನಸು, ಕತ್ತಿ, ಮೈ ಮೂರೂ ಒಂದ್ ಆಗೂದು ಅನ್ನೋದಕ್ಕ ಅವ್ರು "ಕಿ ಕೆನ್ ತಾಯ್ ಇಚ್ಚಿ" ಅಂತಾರ, ಕೇಳಾಕ ದೊಡ್ಡ ವೇದಾಂತ ಅನಸ್ತದ ಆದ್ರ ಮಾಡೋ ಮುಂದ ಭಾಳ ಸಾದಾ, ಕಾಲು ನಿಲ್ಲೂದು, ಕತ್ತಿ ನಿಲ್ಲೂದು, ಉಸಿರು ಮುಗಿಯೂದು ಒಂದೇ ಹೊತ್ತಿಗೆ ಆಗಬೇಕು. ಮೊಬೈಲ್ ಗೋಡಿಗೆ ಆನಿಸಿ ಬಾಜೂದಿಂದ ವಿಡಿಯೋ ತಗೊಂಡು ನೋಡ್ರಿ, ಮೂರೂ ಬ್ಯಾರೆ ಬ್ಯಾರೆ ಬರೂದು ಕಂಡು ನಗು ಬರ್ತದ.

ಕೂಡೂದು ನಮಗ ಹಗೂರ, ಸೇಝಾ ಅಂದ್ರ ಹೆಚ್ಚು ಕಡಿಮಿ ವಜ್ರಾಸನನ, ಮೊಣಕಾಲ ನಡುವ ಎರಡು ಮುಷ್ಟಿ ಜಾಗ ಬಿಡೂದು ಅಷ್ಟ. ಮೊಣಕಾಲ ನೋವು ಇದ್ದವ್ರು ನಿಂತು ಮಾಡೋ ಕಟಾ ಮಾಡ್ರಿ, ಹಟ ಬ್ಯಾಡ. ಕತ್ತಿ ಮುಂದ ಇಟ್ಟು ತಲಿ ಬಾಗಿಸಿ ಶುರು ಮಾಡ್ತಾರ, ಇದನ್ನ ನಮಗ ಯಾರೂ ಕಲಸಬೇಕಾಗಿಲ್ಲ, ಗರಡಿ ಮನ್ಯಾಗ ಮಣ್ಣು ಮುಟ್ಟಿ ಹಣಿಗೆ ಹಚ್ಕೊಂಡೇ ಪೈಲ್ವಾನರು ಇಳಿತಾರ, ಖಂಡೇನವಮಿಗೆ ಕುಡಗೋಲಿಗೂ ಪೂಜಿ ಮಾಡ್ತೀವಿ.

ಎಲ್ಲಾರೂ ಕಡಿಯೂದು ನೋಡಿ ಹುರುಪಾಗ್ತಾರ, ನನಗ ಕೇಳಿದ್ರ ಇಯಾಯ್ದೋದಾಗ ಮೈ ಮನಸು ಕೂಡೋ ಜಾಗ ಕತ್ತಿ ವಾಪಸ್ ಇಡೂದು, ನೋತೋ ಅಂತಾರ. ಒರಿ ಬಾಯಿಗೆ ಅವ್ರ ಭಾಷಾದಾಗ "ಕೊಯಿಗುಚ್ಚಿ", ಮೀನಿನ ಬಾಯಿ ಅಂತ ಅರ್ಥ. ಎಡಗೈ ಹೆಬ್ಬೆರಳು ತೋರುಬೆರಳಿಲೆ ಆ ಬಾಯಿ ಹಿಡದು, ಕತ್ತಿ ಬೆನ್ನನ್ನ ಅಲ್ಲಿ ತಾಗಿಸಿ ತುದಿ ತನಕ ಎಳೆದು, ತುದಿ ಒಳಗ ಬಿದ್ದ ಮ್ಯಾಲ ಒರಿನೇ ಮುಂದ ತರ್ಕೋತ ಸಾವಕಾಶ ಮುಚ್ಚೂದು. ನೋಡಂಗಿಲ್ಲ. ಕಣ್ಣು ಇನ್ನೂ ಬಿದ್ದ ಎದುರಾಳಿ ಕಡೆನ ಇರಬೇಕು, ಈ ಎಚ್ಚರಕ್ಕ ಝಾನ್ಶಿನ್ ಅಂತಾರ. ಇಲ್ಲಿ ಅವಸರ ಮಾಡಿದವ್ರು ಹರಿತ ಕತ್ತಿದಾಗ ಎಡಗೈ ಬೆರಳು ಕೊಯ್ಕೊಂತಾರ. ಬೊಕೆನ್‌ಗೆ ಪ್ಲಾಸ್ಟಿಕ್ ಒರಿ ಸಿಗ್ತದ, ಅದು ಸಿಗೂತನಕ ಎಡಗೈ ಮುಷ್ಟಿನ ಒರಿ ಅಂತ ತಿಳೀರಿ. ನಾ ಹತ್ತು ಎಣಿಸೋ ತನಕ ಇಡ್ತೀನಿ, ಆರರ ಹತ್ರ ಬರೋ ಮುಂದ ಮನಸು ನಾಷ್ಟಾಕ್ಕ ಏನದ ಅಂತ ಅಡಗಿಮನಿ ಕಡೆ ಓಡ್ತದ, ಕೈ ಅಲ್ಲೇ ತಡವರಸ್ತದ.

ಕಟಾ ಮಾತ್ರ ಯೂಟ್ಯೂಬ್ ನೋಡಿ ಕಲಿಬ್ಯಾಡ್ರಿ. ಮೊದಲನೇ ಕಟಾ "ಮಾಯೆ" ನೋಡಾಕ ನಾಕೇ ಚಲನೆ, ಕೂತಲ್ಲಿಂದ ಅಡ್ಡ ತಗದು, ಮ್ಯಾಲಿಂದ ಕಡದು, ರಕ್ತ ಝಾಡಿಸಿ, ಒರಿಯಾಗ ಇಡೂದು. ಆದ್ರ ಕತ್ತಿ ತಗಿಯೋದರಾಗ ಅರ್ಧ ಕೆಲಸ ಎಡಗೈ ಒರಿ ಹಿಂದ ಎಳಿಯೂದು, ಅದು ವಿಡಿಯೋದಾಗ ಕಾಣೂದೇ ಇಲ್ಲ. ನಾ ಆರು ತಿಂಗಳು ವಿಡಿಯೋ ನೋಡಿ ಕಲಿತದ್ದನ್ನ ಬಿಡಿಸಾಕ ಗುರುಗಳಿಗೆ ಮತ್ತ ಆರು ತಿಂಗಳು ಹಿಡೀತು. ಮನ್ಯಾಗ ಹಿಡಿಯೂದು, ನಿಲ್ಲೂದು, ಬೀಸೂದು, ಕೂಡೂದು ಇಷ್ಟ ಮಾಡ್ರಿ, ದೊಡ್ಡ ಊರಿನಾಗ ಕಲಸೋರು ಸಿಕ್ಕ್ರ ವರ್ಷದಾಗ ಎರಡು ಮೂರು ಸಲರ ಹೋಗಿ ತಿದ್ದಿಸಿಕೊಂಡು ಬರ್ರಿ. ಬಸ್ಸಿನಾಗ ಒಯ್ಯೋ ಮುಂದ ಬೊಕೆನ್ ಚೀಲದಾಗ ಕಟ್ಟಿ ಇಡ್ರಿ, ಕಂಡಕ್ಟರಿಗೆ ಕ್ರಿಕೆಟ್ ಸ್ಟಂಪ್ ಅಂತ ಸುಳ್ಳು ಹೇಳೋ ಪಾಳಿ ಬರಂಗಿಲ್ಲ.

ತಿಂಗಳಿಗೊಮ್ಮೆ ಕತ್ತಿಗೆ ಅಗಸಿ ಎಣ್ಣಿ ಸವರ್ರಿ, ಸೀಳಂಗಿಲ್ಲ. ಮತ್ತ ಬ್ಯಾಸಗಿ ಬಿಸಲಾಗ ಮಾಳಿಗಿ ಮ್ಯಾಲ ಬಿಟ್ಟು ಬರಬ್ಯಾಡ್ರಿ, ಸೊಟ್ಟ ಆಗ್ತದ. ನನ್ನ ಮೊದಲನೇದು ಹಂಗ ಸೊಟ್ಟ ಆಗಿ ಈಗ ಅವ್ವನ ಹಂತ್ಯಾಕ ಅದ, ಮೆಣಸಿನಕಾಯಿ ಹರವಾಕ.