ನಿಫ್ಟಿಗೆ ಸೇರುವ ಷೇರನ್ನು ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ (ಎನ್‌ಎಸ್‌ಇ) 50 ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 50ಕ್ಕೆ ಹೊಸ ಕಂಪನಿ ಸೇರಲಿದೆ ಎಂಬ ಸುದ್ದಿ ಬಂದರೆ ಸಾಕು, ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯೂ ಮರುದಿನ ಬೆಳಿಗ್ಗೆಯೇ ಆ ಷೇರಿಗೆ ಆರ್ಡರ್ ಹಾಕುವವರಿದ್ದಾರೆ. ಸೂಚ್ಯಂಕದಲ್ಲಿರುವ ಷೇರುಗಳನ್ನೇ ಅದೇ ಪ್ರಮಾಣದಲ್ಲಿ ಇಟ್ಟುಕೊಳ್ಳುವ ಇಂಡೆಕ್ಸ್ ಫಂಡುಗಳು ಅದನ್ನು ಕೊಳ್ಳಲೇಬೇಕು ಎಂಬುದು ನಿಜ. ಆದರೆ ಎಷ್ಟು ಕೊಳ್ಳುತ್ತವೆ, ಯಾವಾಗ ಕೊಳ್ಳುತ್ತವೆ, ಅದೇ ಹೊತ್ತಿಗೆ ಮಾರುವವರು ಯಾರು ಎಂದು ನೋಡದೆ ದುಡ್ಡು ಹಾಕಬಾರದು.

ಮೊದಲು ದಿನಾಂಕ. ನಿಫ್ಟಿಯ ಪರಿಶೀಲನೆ ವರ್ಷಕ್ಕೆ 2 ಬಾರಿ. ಜನವರಿ 31 ಮತ್ತು ಜುಲೈ 31ರವರೆಗಿನ 6 ತಿಂಗಳ ಸರಾಸರಿ ಅಂಕಿಅಂಶವೇ ಆಧಾರ. ಬದಲಾವಣೆಯನ್ನು ಸುಮಾರು 4 ವಾರ ಮೊದಲೇ ಪ್ರಕಟಿಸುತ್ತಾರೆ. ಜಾರಿ ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಗೆ. ಹೆಚ್ಚಿನವರು ಎಡವುವುದು ಇಲ್ಲೇ: ಫಂಡುಗಳ ಖರೀದಿ ಜಾರಿಯ ದಿನದಲ್ಲ, ಅದರ ಹಿಂದಿನ ವಹಿವಾಟಿನ ದಿನದ್ದು. ಟ್ರೆಂಟ್ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ 2024ರ ಸೆಪ್ಟೆಂಬರ್ 30ರ ಸೋಮವಾರ ನಿಫ್ಟಿಗೆ ಸೇರಿದವು. ಫಂಡುಗಳ ಲೆಕ್ಕಕ್ಕೆ ಬೇಕಾಗಿದ್ದುದು 27ರ ಶುಕ್ರವಾರದ ಮುಕ್ತಾಯದ ಬೆಲೆ. ಸೆಪ್ಟೆಂಬರ್ ಬದಲಾವಣೆಯ ಪ್ರಕಟಣೆಗೂ ಜಾರಿಗೂ ನಡುವೆ ಓಣಂ ಬರುವುದುಂಟು. ನಮ್ಮ ಕಾಸರಗೋಡು ಜಿಲ್ಲೆಯ ಬ್ಯಾಂಕುಗಳಿಗೆ ರಜೆ ಇದ್ದರೂ ಮುಂಬಯಿಯ ಪೇಟೆ ತೆರೆದಿರಬಹುದು. ಚೆಕ್ಕಿನಲ್ಲಿ ಹಣ ಕಳಿಸುವವರು ಮೊದಲೇ ಖಾತೆಗೆ ತುಂಬಿಟ್ಟುಕೊಳ್ಳಬೇಕು.

ಈಗ ಮುಖ್ಯ ಲೆಕ್ಕ. ಆ ಸೂಚ್ಯಂಕವನ್ನು ಅನುಸರಿಸುವ ಫಂಡುಗಳ ಒಟ್ಟು ಮೊತ್ತವನ್ನು ಹೊಸ ಷೇರಿನ ತೂಕದಿಂದ, ಅಂದರೆ ಸೂಚ್ಯಂಕದಲ್ಲಿ ಅದಕ್ಕಿರುವ ಶೇಕಡಾ ಪಾಲಿನಿಂದ, ಗುಣಿಸಿ. ತೂಕ ನಿರ್ಧಾರವಾಗುವುದು ಪ್ರವರ್ತಕರ ಪಾಲು ಕಳೆದು ಉಳಿಯುವ, ಪೇಟೆಯಲ್ಲಿ ಓಡಾಡುವ ಷೇರುಗಳ ಮೌಲ್ಯದ ಮೇಲೆ. ಕಂಪನಿಯ ಪೂರ್ತಿ ಮೌಲ್ಯ ಹಿಡಿದರೆ ಉತ್ತರ ದುಪ್ಪಟ್ಟಾದೀತು. ಸುಮ್ಮನೆ ಒಂದು ಉದಾಹರಣೆ: ಫಂಡುಗಳ ಮೊತ್ತ 3,00,000 ಕೋಟಿ ರೂಪಾಯಿ, ತೂಕ ಶೇ. 0.8 ಎಂದಿಟ್ಟುಕೊಳ್ಳಿ. ಖರೀದಿ 2,400 ಕೋಟಿ. ಆ ಷೇರಿನ ದಿನದ ಸರಾಸರಿ ವಹಿವಾಟು 600 ಕೋಟಿಯಾದರೆ, ಇದು 4 ದಿನಗಳ ವಹಿವಾಟಿಗೆ ಸಮ.

ಇಲ್ಲಿಗೇ ನಿಲ್ಲಬೇಡಿ. ನಿಫ್ಟಿ 50ಕ್ಕೆ ಏರುವ ಷೇರು ಸಾಮಾನ್ಯವಾಗಿ ಅದುವರೆಗೆ ನಂತರದ 50 ಕಂಪನಿಗಳ ಸೂಚ್ಯಂಕವಾದ ನಿಫ್ಟಿ ನೆಕ್ಸ್ಟ್ 50ರಲ್ಲಿರುತ್ತದೆ. ಆ ಸೂಚ್ಯಂಕದ ಫಂಡುಗಳು ಅದೇ ದಿನ ಅದನ್ನು ಮಾರಲೇಬೇಕು. ಅಲ್ಲಿ ಅದರ ತೂಕ ಶೇ. 4, ಫಂಡುಗಳ ಮೊತ್ತ 30,000 ಕೋಟಿ ಎಂದಾದರೆ ಮಾರಾಟ 1,200 ಕೋಟಿ. ನಿವ್ವಳ ಬೇಡಿಕೆ ಅರ್ಧಕ್ಕಿಳಿಯಿತು; 4 ದಿನದ ಬದಲು 2 ದಿನ. ಪತ್ರಿಕೆಗಳಲ್ಲಿ ಬರುವ 'ಇಷ್ಟು ಕೋಟಿ ಒಳಹರಿವು' ಎಂಬ ಅಂದಾಜಿನಲ್ಲಿ ಈ ಕಳೆಯುವ ಲೆಕ್ಕ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಒಟ್ಟು ವಹಿವಾಟಿನ ಜತೆಗೆ ಡೆಲಿವರಿ (ಕೊಂಡವರ ಖಾತೆಗೆ ನಿಜವಾಗಿ ಸೇರುವ ಷೇರುಗಳ) ಪ್ರಮಾಣವನ್ನೂ ಎನ್‌ಎಸ್‌ಇ ದಿನವೂ ಪ್ರಕಟಿಸುತ್ತದೆ. ಅದೇ ದಿನ ಕೊಂಡು ಮಾರುವ ಇಂಟ್ರಾಡೇ ಗದ್ದಲ ಬದಿಗಿಟ್ಟು ಡೆಲಿವರಿಯೊಂದಿಗೆ ಹೋಲಿಸಿದರೆ ಒತ್ತಡ ಎಷ್ಟಿದೆಯೆಂದು ಇನ್ನೂ ಸರಿಯಾಗಿ ತಿಳಿಯುತ್ತದೆ.

ಇಷ್ಟೆಲ್ಲ ಬೇಡಿಕೆ ಇದ್ದರೂ ಆ ದಿನ ಬೆಲೆ ಏರದಿರಲು ಕಾರಣವಿದೆ. ದೊಡ್ಡ ಖರೀದಿದಾರ ಬರುವ ದಿನ ಗೊತ್ತಾದರೆ ಅಡಿಕೆ ವ್ಯಾಪಾರಿ ಮೊದಲೇ ಸರಕು ಕೂಡಿಡುವಂತೆ, ಟ್ರೇಡರುಗಳು ಪ್ರಕಟಣೆಗೂ ಮೊದಲೇ ಊಹಿಸಿ ಕೊಂಡಿಟ್ಟಿರುತ್ತಾರೆ. ಫಂಡುಗಳಿಗೆ ಮಾರಿ ಕೈತೊಳೆದುಕೊಂಡರೆ ಅವರ ಕೆಲಸ ಮುಗಿಯಿತು. ಅಮೆರಿಕದ ಎಸ್ ಆ್ಯಂಡ್ ಪಿ 500ಕ್ಕೆ ಟೆಸ್ಲಾ ಸೇರುವ ಪ್ರಕಟಣೆ 2020ರ ನವೆಂಬರ್ 16ರಂದು ಬಂತು. ಅಲ್ಲಿಂದ ಡಿಸೆಂಬರ್ 18ರವರೆಗೆ ಷೇರು ಸುಮಾರು ಶೇ. 70 ಏರಿತು, ಅಧಿಕೃತವಾಗಿ ಸೇರಿದ ಡಿಸೆಂಬರ್ 21ರಂದು ಶೇ. 6ಕ್ಕಿಂತ ಹೆಚ್ಚು ಕುಸಿಯಿತು. ಅಷ್ಟು ದೊಡ್ಡ ಏರಿಕೆ ಅಪರೂಪ. ಹಾರ್ವರ್ಡ್‌ನ ಸಂಶೋಧಕರಾದ ರಾಬಿನ್ ಗ್ರೀನ್‌ವುಡ್ ಮತ್ತು ಮಾರ್ಕೋ ಸಮ್ಮನ್ ಅವರ ಅಧ್ಯಯನದ ಪ್ರಕಾರ, ಆ ಸೂಚ್ಯಂಕಕ್ಕೆ ಸೇರುವ ಷೇರುಗಳಿಗೆ 1990ರ ದಶಕದಲ್ಲಿ ಸರಾಸರಿ ಶೇ. 7.4ರಷ್ಟು ಸಿಗುತ್ತಿದ್ದ ಹೆಚ್ಚುವರಿ ಲಾಭ 2010ರ ದಶಕದಲ್ಲಿ ಶೇ. 1ಕ್ಕಿಂತ ಕೆಳಗಿಳಿದಿತ್ತು.

ಬದಲಾವಣೆಯ ಹಿಂದಿನ ದಿನ, ಅದರಲ್ಲೂ ಪೇಟೆಯ ಕೊನೆಯ ಅರ್ಧ ಗಂಟೆಯಲ್ಲಿ, ಹೊಸದಾಗಿ ಕೊಳ್ಳದಿರುವುದೇ ಕ್ಷೇಮ. ಆಗ ಬರುವ ಆರ್ಡರುಗಳು ಬೆಲೆ ನೋಡಿ ಬರುವಂಥವಲ್ಲ. ಫಂಡಿಗೆ ಬೇಕಾದುದು ಮುಕ್ತಾಯದ ಬೆಲೆಗೆ ಹತ್ತಿರವಿರುವುದು ಮಾತ್ರ. ಕೊಳ್ಳಲೇಬೇಕೆಂದಿದ್ದರೆ ಸಿಕ್ಕ ಬೆಲೆಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಬಿಟ್ಟು, ಗರಿಷ್ಠ ಬೆಲೆಯನ್ನು ನೀವೇ ಗೊತ್ತುಮಾಡುವ ಲಿಮಿಟ್ ಆರ್ಡರ್ ಹಾಕಿ. ದೀರ್ಘಾವಧಿಗೆ ಬೇಕಾದ ಷೇರಾದರೆ ಒಂದೆರಡು ವಾರ ಕಾದು, ವಹಿವಾಟು ಹಳೆಯ ಮಟ್ಟಕ್ಕೆ ಇಳಿದ ಮೇಲೆ ಕಂತುಗಳಲ್ಲಿ ಕೊಳ್ಳಬಹುದು.

ಹೊರಬೀಳುವ ಷೇರಿನ ಲೆಕ್ಕವನ್ನೂ ಇದೇ ರೀತಿ, ಚಿಹ್ನೆ ಬದಲಿಸಿ ಹಾಕಬೇಕು. ರಿಲಯನ್ಸ್‌ನಿಂದ ಬೇರ್ಪಟ್ಟು ತಾತ್ಕಾಲಿಕವಾಗಿ ಸೂಚ್ಯಂಕಗಳಲ್ಲಿದ್ದ, 2023ರ ಆಗಸ್ಟ್ 21ರಂದು ಲಿಸ್ಟ್ ಆದ ಜಿಯೋ ಫೈನಾನ್ಷಿಯಲ್ ದಿನವೂ ಶೇ. 5ರ ಕೆಳ ಸರ್ಕ್ಯೂಟ್ (ಒಂದು ದಿನದಲ್ಲಿ ಬೆಲೆ ಇಳಿಯಬಹುದಾದ ಮಿತಿ) ಮುಟ್ಟತೊಡಗಿದಾಗ ಕೊಳ್ಳುವವರಿಲ್ಲದೆ, ಅದನ್ನು ಸೂಚ್ಯಂಕಗಳಿಂದ ತೆಗೆಯುವುದನ್ನೇ ಮುಂದೂಡಬೇಕಾಯಿತು. ಸರ್ಕ್ಯೂಟ್ ಮಿತಿಯಿರುವ ಷೇರಿನಲ್ಲಿ ಬೇಕಾದಾಗ ಹೊರಬರಬಹುದು ಎಂದು ನಂಬಿ ಕೂರಬೇಡಿ.

ಕೊನೆಗೆ ಖರ್ಚು ಕಳೆಯಿರಿ. ಡೆಲಿವರಿಗೆ ಕೊಳ್ಳುವಾಗಲೂ ಮಾರುವಾಗಲೂ ಶೇ. 0.1 ವಹಿವಾಟು ತೆರಿಗೆ, ಜತೆಗೆ ಬ್ರೋಕರೇಜ್, ಸ್ಟಾಂಪ್ ಶುಲ್ಕ. 12 ತಿಂಗಳೊಳಗೆ ಮಾರಿದರೆ ಲಾಭದ ಮೇಲೆ, 2024ರ ಜುಲೈ 23ರಿಂದ, ಶೇ. 20 ತೆರಿಗೆ. ನಿವ್ವಳ ಬೇಡಿಕೆ ಒಂದು ದಿನದ ವಹಿವಾಟಿಗಿಂತ ಕಡಿಮೆ ಬಂದರೆ, ಈ ಖರ್ಚು ಕಳೆದು ಏನೂ ಉಳಿಯದ ಸಂಭವವೇ ಹೆಚ್ಚು.